ಕಂಬಳಿ ಹಣ್ಣಿನ ಸಿರಪ್ ಹಾಕಿ ಸೋಡಾ ಮಾಡಿದ್ರೆ ನೊರೆಯೆಲ್ಲ ಟೇಬಲ್ ಮೇಲೆ, ಗ್ಲಾಸಲ್ಲಿ ಬರೀ ಸಕ್ಕರೆ ನೀರು! ಎಲ್ಲಿ ತಪ್ತಿದೀನಿ?

ಆಲೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣದ ಹತ್ರ ನಮ್ಮ ತವರುಮನೇಲಿ ರೇಷ್ಮೆ ಸಾಕ್ತಾರೆ, ತೋಟದ ಬದೀಲಿ ನಾಲ್ಕು ಹಿಪ್ಪುನೇರಳೆ ಗಿಡ ಕಡೀದೆ ಹಂಗೇ ಮರ ಆಗೋಕೆ ಬಿಟ್ಟಿದಾರೆ. ಈ ಸಲ ಹಣ್ಣು ಅಂದ್ರೆ ಹಣ್ಣು, ಅಮ್ಮ ಒಂದು ಬಕೆಟ್ ತುಂಬ ಕಳ್ಸಿದ್ರು. ನಾವು ಚಿಕ್ಕೋರಿದ್ದಾಗ ಇದನ್ನ ಕಂಬಳಿ ಹಣ್ಣು ಅಂತಿದ್ವಿ, ಈಗ ಮಕ್ಕಳು ಮಲ್ಬರಿ ಅಂತವೆ.

ಹೊಸತೊಡಕಿನ ದಿನ ಬಾಡೂಟ ಮುಗಿದ್ಮೇಲೆ ಎಲ್ಲರಿಗೂ ತಣ್ಣಗೆ ಸೋಡಾ ಮಾಡಿ ಕೊಡೋಣ ಅಂತ ಹಿಂದಿನ ದಿನಾನೇ ಸಿರಪ್ ಮಾಡಿಟ್ಟಿದ್ದೆ. 1 ಕೆಜಿ ಹಣ್ಣು ಮಿಕ್ಸಿಗೆ ಹಾಕಿ, 800 ಗ್ರಾಂ ಸಕ್ಕರೆ ಸೇರ್ಸಿ, 40 ನಿಮಿಷ ಕುದ್ಸಿದೆ, ಸೋಸ್ಲಿಲ್ಲ, ನಾರಿನಂಶ ಹೋಗುತ್ತೆ ಅಂತ. ಬೆಂಗಳೂರಿಂದ ಭಾವ ಬಂದಿದ್ರು, ಯುಗಾದಿಗೆ ತಗೊಂಡಿದ್ ಹೊಸ ಬಿಳಿ ಪಂಚೆ ಉಟ್ಕೊಂಡು ಕೂತಿದ್ರು. ಗ್ಲಾಸಿಗೆ ಮೂರು ಚಮಚ ಸಿರಪ್ ಹಾಕಿ, ಅಂಗಡಿಯಿಂದ ಆಗಷ್ಟೇ ತಂದಿದ್ ಸೋಡಾ ಸುರ್ದು ಚಮಚದಲ್ಲಿ ಗರಗರ ತಿರುಗ್ಸಿದೆ ನೋಡಿ, ಬುಸ್ ಅಂತ ಮೇಲೆ ಬಂದು ಟೇಬಲ್ ಮೇಲೆಲ್ಲ ಹರ್ದು ನೇರ ಭಾವನ ತೊಡೆ ಮೇಲೆ! ಉಳಿದಿದ್ದನ್ನ ಕುಡಿದ್ರೆ ಗ್ಯಾಸೇ ಇಲ್ಲ, ಬಣ್ಣನೂ ಕಂದು ಕಂದು. ಜಾಮ್ ನೀರಿಗೆ ಕಲ್ಸಿದಂಗಿತ್ತು.

ಇನ್ನೂ ಒಂದೂವರೆ ಕೆಜಿ ಹಣ್ಣು ಫ್ರೀಜರಲ್ಲಿದೆ. ಹಾಳು ಮಾಡೋಕೆ ಮನಸ್ಸಿಲ್ಲ. ಗೊತ್ತಿರೋರು ಹೇಳ್ರಪ್ಪ.

ಹಾಸನ್ ಹುಡ್ಗ

ಅಕ್ಕಾ ಅದೆಲ್ಲ ಆಮೇಲೆ, ಮೊದ್ಲು ಪಂಚೆ ಗತಿ ಏನಾಯ್ತು ಹೇಳಿ 😂

ಮೂಡಿಗೆರೆ ಮಳೆ

40 ನಿಮಿಷ ಕುದ್ಸಿದ್ರೆ ಅದು ಸಿರಪ್ ಅಲ್ಲ ಕಣ್ರಿ, ಜಾಮೇ. ಚಪಾತಿಗೆ ಹಚ್ಕೊಳಿ.

ಇನ್ನೊಂದು ವಿಷಯ, ನಮ್ ಕಡೆ ಬೆರಿ ಅಂದ್ರೆ ಕಾಫಿ ಹಣ್ಣು. ಬೆರಿ ಅಂದ ಕೂಡ್ಲೆ ನನ್ ತಲೆಗೆ ಬರೋದು ಬೆರಿ ಬೋರರ್ ಹುಳ, ಸಿರಪ್ ಅಲ್ಲ. ಹಂಗಾಗಿ ಈ ವಿಷಯದಲ್ಲಿ ನನ್ ಮಾತು ಜಾಸ್ತಿ ಕೇಳ್ಬೇಡಿ.

ಪಿಯು ಮೇಷ್ಟ್ರು

ಆಲೂರಿನ ಸೊಸೆಯವರೇ, ನಿಮ್ಮದು ಒಂದು ತಪ್ಪಲ್ಲ, ನಾಲ್ಕು ತಪ್ಪು ಒಟ್ಟಿಗೆ ಆಗಿದೆ. ಬೇಜಾರ್ ಮಾಡ್ಕೋಬೇಡಿ, ಕ್ಲಾಸಲ್ಲಿ ಹೇಳಿ ಹೇಳಿ ಅಭ್ಯಾಸ.

ಸೋಡಾ ಅಂದ್ರೆ ಒತ್ತಡ ಹಾಕಿ ನೀರೊಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬ್ಸಿರೋದು ಅಷ್ಟೆ. ಮುಚ್ಚಳ ತೆಗೆದ ತಕ್ಷಣ ಒತ್ತಡ ಹೋಯ್ತು, ಗ್ಯಾಸ್ ಹೊರಗೆ ಬರೋಕೆ ದಾರಿ ಹುಡುಕ್ತಿರುತ್ತೆ. ನೀರು ಎಷ್ಟು ತಣ್ಣಗಿರುತ್ತೋ ಅಷ್ಟು ಗ್ಯಾಸ್ ಹಿಡ್ಕೊಳುತ್ತೆ. ಮಾಮೂಲಿ ಗಾಳಿ ಒತ್ತಡದಲ್ಲಿ 0 ಡಿಗ್ರಿ ಇರೋ 1 ಲೀಟರ್ ನೀರು ಸುಮಾರು 1.7 ಲೀಟರ್ ಗ್ಯಾಸ್ ಹಿಡಿಯುತ್ತೆ, 20 ಡಿಗ್ರಿ ಅಂದ್ರೆ 0.9 ಲೀಟರಿಗಿಂತ ಕಮ್ಮಿ, 30 ಡಿಗ್ರಿಗೆ 0.7 ಲೀಟರೂ ಇಲ್ಲ. ಯುಗಾದಿ ಬಿಸ್ಲಲ್ಲಿ ಅಂಗಡಿ ಮುಂದೆ ಕ್ರೇಟಲ್ಲಿ ಕೂತಿದ್ದ ಬಾಟ್ಲಿ ತಂದು ಹಂಗೇ ಸುರಿದ್ರೆ ಅದು ನಿಲ್ಲೋದು ಹೆಂಗೆ?

ಎರಡನೇದು, ಗುಳ್ಳೆ ಸುಮ್ ಸುಮ್ನೆ ಹುಟ್ಟಲ್ಲ, ಹುಟ್ಟೋಕೆ ಒಂದು ಒರಟು ಜಾಗ ಬೇಕು. ನೀವು ಸೋಸದೇ ಹಾಕಿದ್ರಲ್ಲ, ಒಂದೊಂದು ಬೀಜ, ಒಂದೊಂದು ನಾರು, ಎಲ್ಲ ಗುಳ್ಳೆಗೆ ಹೆರಿಗೆ ಮನೆ. ಅದರ ಮೇಲೆ ಹಣ್ಣಿನಲ್ಲಿರೋ ಪೆಕ್ಟಿನ್ ಅನ್ನೋ ಅಂಟು ಆ ನೊರೆ ಒಡೀದಂಗೆ ಹಿಡ್ಕೊಂಡಿತ್ತು, ಅದಕ್ಕೇ ಬಿಯರ್ ಥರ ಉಕ್ಕಿ ಬಂದಿದ್ದು. ಮೂರನೇದು ಚಮಚದಲ್ಲಿ ಗರಗರ. ನಾಲ್ಕನೇದು ಹುಳಿ ಹಾಕದೇ ಅಷ್ಟು ಹೊತ್ತು ಕುದ್ಸಿದ್ದು, ಬಣ್ಣ ಸತ್ತಿದ್ದು ಅಲ್ಲೇ.

ಹಾಸನ್ ಹುಡ್ಗ

ಮೇಷ್ಟ್ರೆ ನಿಮ್ ಹತ್ರ ಪಿಯುಸಿ ಓದಿದ್ರೆ ನಾನೂ ಪಾಸಾಗ್ತಿದ್ನೇನೋ

ಸೋಡಾ ಅಂಗಡಿ ಮಗ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನಮ್ಮಪ್ಪ ಅರಸೀಕೆರೇಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗೋಲಿ ಸೋಡಾ ಅಂಗಡಿ ಇಟ್ಟಿದ್ರು, ಅವ್ರಿಗೆ ಈ ಡಿಗ್ರಿ ಲೆಕ್ಕ ಎಲ್ಲ ಗೊತ್ತಿರ್ಲಿಲ್ಲ, ಆದ್ರೆ ಬೆಳಗ್ಗೆ ಮೊದಲನೇ ಕೆಲ್ಸ ಒದ್ದೆ ಗೋಣಿಚೀಲ ಹಾಸಿ ಬಾಟ್ಲಿ ಮಲಗ್ಸೋದು, ನೀರಿನ ಡ್ರಮ್ಮಿಗೆ ಐಸ್ ಹಾಕೋದು. ಬಿಸಿ ನೀರಿಗೆ ಗ್ಯಾಸ್ ಹತ್ತಲ್ಲ ಕಣೋ ಅನ್ನೋರು.

ಆ ಮಿಷನ್ ನೋಡಿರೋರು ಈಗ ಕಮ್ಮಿ. ಮರದ ಪೆಟ್ಟಿಗೆ ಒಳಗೆ ಬಾಟ್ಲಿ ಹಾಕಿ, ನೀರು, ಗ್ಯಾಸ್ ಬಿಟ್ಟು, ಹಿಡಿಕೆ ಹಿಡಿದು ತಿರುಗ್ಸೋದು. ಬಾಟ್ಲಿ ತಲೆಕೆಳಗಾದಾಗ ಗೋಲಿ ಜಾರಿ ಕುತ್ತಿಗೆಗೆ ಬಂದು ಕೂರುತ್ತೆ, ಒಳಗಿನ ಗ್ಯಾಸೇ ಅದನ್ನ ರಬ್ಬರ್ ವಾಷರಿಗೆ ಒತ್ತಿ ಹಿಡಿಯುತ್ತೆ. ಮುಚ್ಚಳನೂ ಇಲ್ಲ, ಬಿರಡೆನೂ ಇಲ್ಲ, ಸೋಡಾ ತನಗೆ ತಾನೇ ಬಾಗ್ಲು ಹಾಕ್ಕೊಂಡಂಗೆ. ಹೈರಮ್ ಕಾಡ್ ಅನ್ನೋ ಇಂಗ್ಲೆಂಡಿನವನು 1872ರಲ್ಲಿ ಪೇಟೆಂಟ್ ತಗೊಂಡಿದ್ದ ಬಾಟ್ಲಿ ಅದು, ಅವ್ರ ದೇಶದಲ್ಲಿ ಅದು ಬಳಕೆ ಬಿಟ್ಟೋಯ್ತು, ನಮ್ಮೂರಲ್ಲಿ ಜಾತ್ರೆ ಬಂದ್ರೆ ಇನ್ನೂ ಟಪ್ ಅಂತ ಸದ್ದು ಮಾಡುತ್ತೆ.

ಈಗ ನಿಮ್ ವಿಷಯಕ್ಕೆ ಬರೋಣ ಅಕ್ಕ. ಅಪ್ಪ ಸೊಗದೆ ಬೇರಿನ ಶರಬತ್ತು ಕೊಡೋವಾಗ ಕೈ ನೋಡ್ಬೇಕಿತ್ತು. ಗ್ಲಾಸಿಗೆ ಮೊದ್ಲು ಶರಬತ್ತು, ಅದಕ್ಕೆ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕೋದಿದ್ರೆ ಅದನ್ನೂ ಅವಾಗ್ಲೇ ಹಾಕಿ ಇವಿಷ್ಟನ್ನೇ ಚೆನ್ನಾಗಿ ಕಲ್ಸೋರು. ಆಮೇಲೆ ಗ್ಲಾಸ್ ಓರೆ ಮಾಡಿ ಅಂಚಿಗುಂಟ ಸೋಡಾ ಇಳಿಸೋರು, ಬೀಳ್ಸೋದಲ್ಲ, ಇಳಿಸೋದು. ಅರ್ಧ ಆದ್ಮೇಲೆ ಗ್ಲಾಸ್ ನೆಟ್ಟಗೆ ಮಾಡಿ ಉಳಿದರ್ಧ. ಚಮಚ ಮುಟ್ತಿರ್ಲಿಲ್ಲ, ಸೋಡಾನೇ ಕಲ್ಸ್ಕೊಳುತ್ತೆ. ಸೋಡಾ ಹಾಕಿದ್ಮೇಲೆ ಉಪ್ಪು ಹಾಕಿದ್ರೆ ಅದೇ ಬುಸ್ಸು, ಎಷ್ಟೋ ಗಿರಾಕಿಗಳು ತಾವೇ ಉಪ್ಪು ಹಾಕ್ಕೊಂಡು ಶರ್ಟ್ ನೆನೆಸ್ಕೊಂಡಿದಾರೆ.

ಕಳಸದ ಕುಸುಮ

ನಾನು ಇಲ್ಲಿ ಚಿಕ್ಕದೊಂದು ಹೋಂಸ್ಟೇ ನಡೆಸ್ತೀನಿ, ಬಂದೋರಿಗೆ ಮೊದಲ ಗ್ಲಾಸ್ ಇದೇ. ನಾನು ಮಾಡೋ ರೀತಿ ಹೇಳ್ತೀನಿ, ಎಷ್ಟೋ ಸಲ ಕೆಡ್ಸಿ ಕಲ್ತಿದ್ದು.

1 ಕೆಜಿ ಹಿಪ್ಪುನೇರಳೆ. ನೀರಲ್ಲಿ ನೆನೆಹಾಕ್ಬೇಡಿ, ಜರಡೀಲಿ ಹಾಕಿ ಮೇಲಿಂದ ನೀರು ಬಿಟ್ಟು ತೊಳೀರಿ ಸಾಕು. ಆ ಹಸಿರು ತೊಟ್ಟು ಒಂದೊಂದೇ ಕಿತ್ಕೊಂಡು ಕೂರೋದು ಬೇಡ, ಹೆಂಗಿದ್ರೂ ಸೋಸ್ತೀವಲ್ಲ. ಪಾತ್ರೆಗೆ ಹಾಕಿ 600 ಗ್ರಾಂ ಸಕ್ಕರೆ ಸುರ್ದು ಕೈಯಲ್ಲೇ ಕಿವುಚಿ. ಮಿಕ್ಸಿ ಬೇಡ್ವೇ ಬೇಡ, ಬೀಜ ಒಡೆದ್ರೆ ಒಗರು ಬರುತ್ತೆ, ಸಣ್ಣ ಪುಡಿ ಬಟ್ಟೇಲೂ ನಿಲ್ಲಲ್ಲ. ಮುಚ್ಚಿ ರಾತ್ರಿ ಫ್ರಿಜ್ಜಲ್ಲಿಡಿ. ಬೆಳಗ್ಗೆ ನೋಡಿದ್ರೆ ಒಂದು ಹನಿ ನೀರು ಹಾಕದಿದ್ರೂ ಹಣ್ಣೆಲ್ಲ ರಸದಲ್ಲಿ ತೇಲ್ತಿರುತ್ತೆ, ಸಕ್ಕರೆನೇ ಎಳ್ಕೊಂಡಿರುತ್ತೆ. ಆಮೇಲೆ ಸಣ್ಣ ಉರೀಲಿ ಇಟ್ಟು ಹಬೆ ಆಡೋಕೆ ಶುರುವಾದ್ಮೇಲೆ 10 ನಿಮಿಷ ಅಷ್ಟೆ. ಕೊತಕೊತ ಕುದಿಸ್ಬಾರ್ದು. 2 ನಿಂಬೆಹಣ್ಣಿನ ರಸ ಹಾಕಿ ಒಲೆಯಿಂದ ಇಳ್ಸಿ.

ಈಗ ಸೋಸೋದು. ಹಳೇ ಪಂಚೆ ಬಟ್ಟೆ ನಾಲ್ಕು ಮಡಿಕೆ ಮಾಡಿ, ಗಂಟು ಕಟ್ಟಿ, ಗಟ್ಟಿ ಮೊಸರು ಸೋರೋಕೆ ಕಟ್ತೀವಲ್ಲ ಹಂಗೆ ನಲ್ಲಿಗೆ ನೇತು ಹಾಕಿ. ಹಿಂಡೋಕೆ ಕೈ ಕಡಿಯುತ್ತೆ, ಆದ್ರೂ ಹಿಂಡ್ಬೇಡಿ, ಹಿಂಡಿದ್ರೆ ತಿರುಳೂ ಇಳಿದು ರಸ ಮಬ್ಬಾಗುತ್ತೆ. ಎರಡು ಗಂಟೆ ಬಿಟ್ರೆ ಕೆಳಗಿನ ಪಾತ್ರೇಲಿ ಮುಖ ನೋಡ್ಕೊಳೋ ಅಷ್ಟು ತಿಳಿ ಇರುತ್ತೆ. ಹತ್ರತ್ರ 1 ಲೀಟರ್ ಸಿಗುತ್ತೆ, ಹಣ್ಣಲ್ಲಿ ಎಷ್ಟು ರಸ ಇದೆ ಅನ್ನೋದರ ಮೇಲೆ. ಬಟ್ಟೇಲಿ ಉಳಿದಿದ್ದು ಮಕ್ಕಳಿಗೆ ದೋಸೆ ಜೊತೆ, ಬಿಸಾಕ್ಬೇಡಿ.

ಒಂದು ಗ್ಲಾಸಿಗೆ 30 ಎಂಎಲ್ ಸಿರಪ್, 170 ಎಂಎಲ್ ಸೋಡಾ. ಸಿರಪ್, ಸೋಡಾ, ಗ್ಲಾಸ್ ಮೂರೂ ಫ್ರಿಜ್ಜಿಂದ ಬಂದಿರ್ಬೇಕು. ಐಸ್ ದೊಡ್ಡ ತುಂಡಿರ್ಲಿ, ಪುಡಿ ಐಸ್ ಹಾಕಿದ್ರೆ ಅದೂ ಗುಳ್ಳೆ ಎಬ್ಬಿಸುತ್ತೆ.

ಆಲೂರಿನ ಸೊಸೆ

ಅಯ್ಯೋ ಕುಸುಮಕ್ಕ ಎಷ್ಟು ಚೆನ್ನಾಗಿ ಹೇಳಿದ್ರಿ. ಒಂದು ಡೌಟು, ಫ್ರೀಜರಲ್ಲಿಟ್ಟಿರೋ ಹಣ್ಣಲ್ಲಿ ಆಗುತ್ತಾ? ಕಲ್ಲಿನಂಗಾಗಿದೆ.

ಕಳಸದ ಕುಸುಮ

ಇನ್ನೂ ಒಳ್ಳೇದೇ ಮಾರಾಯ್ತಿ. ಐಸಾಗಿ ಕರಗೋವಾಗ ಹಣ್ಣಿನ ಒಳಗೆಲ್ಲ ಒಡೆದು ರಸ ತಾನೇ ಬಿಟ್ಕೊಡುತ್ತೆ. ಸಕ್ಕರೆ ಮೇಲೆ ಸುರ್ದು ಹಂಗೇ ಕರಗೋಕೆ ಬಿಡಿ.

ದೊಡ್ಡಮನೆ ಯಜಮಾನ

ರಾಮನವಮಿ ಹತ್ರ ಬಂತು, ಬೆಲ್ಲದ ಪಾನಕ ಕುಡಿಯೋದ್ ಬಿಟ್ಟು ಇದೇನ್ರೀ ಗ್ಯಾಸ್ ನೀರಿಗೆ ಇಷ್ಟು ಚರ್ಚೆ. ಮೆಣಸು ಏಲಕ್ಕಿ ಹಾಕಿದ್ ಪಾನಕದ ಮುಂದೆ ಇದ್ಯಾವ ಲೆಕ್ಕ.

ಮೂಡಿಗೆರೆ ಮಳೆ

ಯಜಮಾನ್ರೆ, ಪಾನಕಕ್ಕೆ ನೀರಿನ ಬದ್ಲು ಸೋಡಾ ಹಾಕಿ ಕುಡಿದಿದೀರಾ? ಬೆಲ್ಲ ಸ್ವಲ್ಪ ನೀರಲ್ಲಿ ಕರಗ್ಸಿ ಸೋಸಿ, ನಿಂಬೆ, ಶುಂಠಿ, ಏಲಕ್ಕಿ ಸೇರ್ಸಿ ಫ್ರಿಜ್ಜಲ್ಲಿಟ್ಟು, ಕುಡಿಯೋ ಹೊತ್ತಿಗೆ ಸೋಡಾ. ದೇವರ ನೈವೇದ್ಯಕ್ಕೆ ಮಾಮೂಲಿದೇ ಇಡಿ, ನಿಮಗೊಂದು ಗ್ಲಾಸ್ ಇದು ಮಾಡ್ಕೊಳಿ. ಹಣ್ಣಿನ ಸಿರಪ್ಪಿಗೆ ಮಾತ್ರ ಬೆಲ್ಲ ಬೇಡ, ನಾನು ಒಂದ್ಸಲ ಹಾಕಿದ್ದೆ, ಹಣ್ಣಿನ ಘಮ ಎಲ್ಲ ಬೆಲ್ಲನೇ ನುಂಗಾಕ್ತು, ಬಣ್ಣ ಕಾಫಿ ಕಷಾಯ.

ದೊಡ್ಡಮನೆ ಯಜಮಾನ

ನೋಡೋಣ

ಹಾಸನ್ ಹುಡ್ಗ

ಈಗ ನನ್ ಕಥೆ ಕೇಳಿ, ನಗ್ಬೇಡಿ. ಕುಸುಮಕ್ಕ ಹೇಳಿದ್ದು ಓದಿ ನಿನ್ನೆ ಮಾರ್ಕೆಟ್ಟಿಂದ ಒಂದು ಡಬ್ಬಿ ಸ್ಟ್ರಾಬೆರಿ, ಸ್ವಲ್ಪ ಹಿಪ್ಪುನೇರಳೆ ತಂದು ಎರಡೂ ಸೇರ್ಸಿ ಸಿರಪ್ ಮಾಡ್ದೆ, ಸೂಪರಾಗಿ ಬಂತು. ರಾತ್ರಿ ಹತ್ತು ಗಂಟೆ, ಅಂಗಡಿ ಮುಚ್ಚಿತ್ತು, ಸೋಡಾ ಇಲ್ಲ. ರೂಮ್‌ಮೇಟ್ ಅಂದ, ಲೋ ಅಡುಗೆ ಸೋಡಾ ಇದೆಯಲ್ಲೋ, ಅದೂ ಸೋಡಾನೇ ತಾನೇ. ನೀರಿಗೆ ಒಂದು ಚಮಚ ಹಾಕಿ ಸಿರಪ್ ಸುರಿದ್ವಿ. ಒಂದೆರಡು ಗುಳ್ಳೆ ಬಂತು, ಆಮೇಲೆ ಕಣ್ಮುಂದೆನೇ ಕೆಂಪಗಿದ್ದಿದ್ದು ನೀಲಿ ಆಗಿ, ಬೂದಿ ಬಣ್ಣ ಆಗಿ, ಮಳೆಗಾಲದ ಚರಂಡಿ ನೀರಿನ ಥರ ಆಯ್ತು. ರುಚಿ ನೋಡಿದ್ದು ರೂಮ್‌ಮೇಟ್, ನಾನಲ್ಲ. ಇವತ್ತು ಬೆಳಗ್ಗೆಯಿಂದ ನನ್ ಜೊತೆ ಮಾತಾಡ್ತಿಲ್ಲ.

ಪಿಯು ಮೇಷ್ಟ್ರು

ನಕ್ಕೂ ನಕ್ಕೂ ಸಾಕಾಯ್ತು. ಆದ್ರೆ ನೀವು ಗೊತ್ತಿಲ್ದೆ ಒಳ್ಳೇ ಪ್ರಯೋಗ ಮಾಡಿದೀರ. ಈ ಹಣ್ಣುಗಳ ಬಣ್ಣಕ್ಕೆ ಕಾರಣ ಆಂಥೋಸಯನಿನ್. ಹುಳಿ ಇದ್ರೆ ಕೆಂಪು, ಹುಳಿ ಕಮ್ಮಿ ಆದಂಗೆಲ್ಲ ನೇರಳೆ, ಕ್ಷಾರ ಆದ್ರೆ ನೀಲಿ, ಹಸಿರು. ಅಡುಗೆ ಸೋಡಾ ಕ್ಷಾರ. ಇನ್ನೊಂದ್ಸಲ ಆ ಥರ ಆದ್ರೆ ಅರ್ಧ ನಿಂಬೆಹಣ್ಣು ಹಿಂಡಿ ನೋಡಿ, ಬುಸ್ ಅಂತ ಉಕ್ಕಿ ಮತ್ತೆ ಕೆಂಪಾಗುತ್ತೆ. ಕುಡಿಯೋಕೆ ಮಾತ್ರ ಆಗಲ್ಲ, ಉಪ್ಪುಪ್ಪು. ಕುಸುಮ ಅವರು 2 ನಿಂಬೆಹಣ್ಣು ಹಾಕಿ ಅಂದಿದ್ದು ರುಚಿಗೆ ಮಾತ್ರ ಅಲ್ಲ. ಹಿಪ್ಪುನೇರಳೇಲಿ ಹುಳಿ ಕಮ್ಮಿ, ನಿಂಬೆ ಬೀಳದಿದ್ರೆ ಬಣ್ಣ ಮಂಕು. ಗ್ಯಾಸ್ ಇರೋ ಸೋಡಾ ನೀರು ಸ್ವಲ್ಪ ಹುಳಿನೇ, ಹಂಗಾಗಿ ಅದರಿಂದ ಬಣ್ಣಕ್ಕೆ ತೊಂದ್ರೆ ಇಲ್ಲ.

ಕೊಪ್ಪದ ಸುಬ್ರಾಯ

ನಮ್ಮಲ್ಲಿ ನೇರಳೆ ಹಣ್ಣು ಜಾಸ್ತಿ, ಹಿಪ್ಪುನೇರಳೆ ಅಲ್ಲ, ದೊಡ್ಡ ಮರದ ನೇರಳೆ. ಮಳೆ ಶುರುವಾಗೋ ಹೊತ್ತಿಗೆ ಅಂಗಳ ಎಲ್ಲ ನೇರಳೆ. ಎರಡು ವರ್ಷದ ಹಿಂದೆ ಸ್ಕ್ವಾಷ್ ಮಾಡಿ, ಕೆಡಬಾರ್ದು ಅಂತ ಯಾರೋ ಹೇಳಿದ್ದು ಕೇಳಿ ಕೆಎಂಎಸ್ ಪುಡಿ ಹಾಕ್ದೆ ಮಾರಾಯ್ರೆ. ಒಂದು ವಾರಕ್ಕೆ ಬಣ್ಣ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ನೇರಳೆ ಅಂತ ನಾನು ಹೇಳಿದ್ರೆ ಮನೆಯವಳೇ ನಂಬ್ಲಿಲ್ಲ.

ಪಿಯು ಮೇಷ್ಟ್ರು

ಕೆಎಂಎಸ್ ಅಂದ್ರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅದರಿಂದ ಬರೋ ಸಲ್ಫರ್ ಡೈ ಆಕ್ಸೈಡ್ ಈ ಬಣ್ಣನ ಬಿಳುಚುತ್ತೆ. ಮಾವು, ನಿಂಬೆ, ಕಿತ್ತಳೆಗೆ ಅದು ಸರಿ. ನೇರಳೆ, ದ್ರಾಕ್ಷಿ, ಸ್ಟ್ರಾಬೆರಿ ಥರದ ಬಣ್ಣದ ಹಣ್ಣಿಗೆ ಸೋಡಿಯಂ ಬೆಂಜೋಯೇಟ್ ಬಳಸ್ತಾರೆ. ಮನೆ ಮಟ್ಟಕ್ಕೆ ಎರಡೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಫ್ರಿಜ್ ಇಲ್ವಾ.

ಫ್ರಿಜ್ ಇಲ್ದೆ ಹೊರಗಿಡ್ಬೇಕು ಅಂದ್ರೆ ಸಕ್ಕರೆನೇ ಕಾಪಾಡ್ಬೇಕು. ನಮ್ಮ ಆಹಾರ ನಿಯಮದಲ್ಲಿ ಹಣ್ಣಿನ ಸಿರಪ್ ಅಂತ ಮಾರೋಕೆ ಕರಗಿದ ಸಾರ (ಹೆಚ್ಚಿನದು ಸಕ್ಕರೆನೇ) ಕನಿಷ್ಠ 65%, ಸ್ಕ್ವಾಷಿಗೆ ಕನಿಷ್ಠ 40% ಇರ್ಬೇಕು ಅಂತಿದೆ. ಸೋಸಿದ ರಸ 1 ಕೆಜಿ ಇದ್ರೆ 65%ಗೆ ಬರೋಕೆ ಒಂದೂವರೆ ಕೆಜಿಗೂ ಮೇಲೆ ಸಕ್ಕರೆ ಬೇಕಾಗುತ್ತೆ, ಲೆಕ್ಕ ಹಾಕಿ ನೋಡಿ. ಕುಸುಮ ಅವರದ್ದು ಸುಮಾರು ಅರ್ಧಕ್ಕರ್ಧ ಸಕ್ಕರೆ ಇರೋ ಸಿರಪ್, ಅದನ್ನ ಕಪಾಟಲ್ಲಿಟ್ರೆ ಹುಳಿ ಬರೋದು ಗ್ಯಾರಂಟಿ.

ಕಳಸದ ಕುಸುಮ

ಹೌದು, ನಾನು ಬಾಟ್ಲಿನ ನೀರಲ್ಲಿ ಕುದ್ಸಿ ಒಣಗ್ಸಿ, ಸೋಸಿದ ಸಿರಪ್ ಮತ್ತೆ ಬಿಸಿ ಮಾಡಿ, ಬಿಸಿ ಇರೋವಾಗ್ಲೇ ತುಂಬಿ, ಆರಿದ್ಮೇಲೆ ಫ್ರಿಜ್ಜಲ್ಲಿಟ್ಟು ಎರಡು ವಾರದೊಳಗೆ ಖಾಲಿ ಮಾಡ್ತೀನಿ. ಜಾಸ್ತಿ ಇದ್ರೆ ಐಸ್ ಟ್ರೇಗೆ ಸುರ್ದು ಫ್ರೀಜರು. ಸಕ್ಕರೆ ಇರೋದ್ರಿಂದ ಕಲ್ಲಾಗಲ್ಲ, ಸ್ವಲ್ಪ ಮೆತ್ತಗೇ ಇರುತ್ತೆ, ಎರಡು ತುಂಡು ಗ್ಲಾಸಿಗೆ ಹಾಕಿ ಮೇಲೆ ಸೋಡಾ ಇಳ್ಸಿದ್ರೆ ಕೆಂಪು ಎಳೆ ಎಳೆಯಾಗಿ ಕೆಳಗಿಳಿಯೋದು ನೋಡೋಕೇ ಚೆಂದ.

ಸೋಡಾ ಅಂಗಡಿ ಮಗ

ಸುಬ್ರಾಯಣ್ಣ, ನೇರಳೆ ಹಣ್ಣಿನ ಸೋಡಾ ಮಾಡಿದ್ರೆ ಒಂದು ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ. ಒಗರು ಹೋಗಿ ಗಂಟಲಿಗೆ ಹಿತ ಆಗುತ್ತೆ. ಬರೀ ಸಕ್ಕರೇಲಿ ನೇರಳೆ ರುಚಿ ಏಳಲ್ಲ. ಜೀರಿಗೆ ಪುಡಿ ಸಿರಪ್ಪಿಗೇ ಮೊದ್ಲು ಕಲ್ಸಿ, ಮೇಲೆ ಉದುರಿಸ್ಬೇಡಿ ಮತ್ತೆ!

ಕೊಪ್ಪದ ಸುಬ್ರಾಯ

ಇದು ನೋಟ್ ಮಾಡ್ಕೊಂಡೆ. ಇನ್ನೊಂದು ಕಥೆ ಉಂಟು, ಹೇಳ್ಲೋ ಬೇಡ್ವೋ ಅಂತ ಇದ್ದೆ. ಅಂಗಡಿ ಸೋಡಾ ಯಾಕೆ, ಮನೇಲೇ ಗ್ಯಾಸ್ ಬರ್ಸೋಣ ಅಂತ ನಮ್ಮ ಮಗ ಮೊಬೈಲ್ ನೋಡಿ ಶುಂಠಿ, ಸಕ್ಕರೆ ನೀರು ಐದಾರು ದಿನ ಹುದುಗಿಗಿಟ್ಟ. ಅದು ನೊರೆ ಬಂದ್ಮೇಲೆ ಕೌಳಿ ಹಣ್ಣಿನ ಸಿರಪ್ ನೀರಿಗೆ ಸೇರ್ಸಿ, ಹಳೇ ಗಾಜಿನ ಬಾಟ್ಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ ಅಟ್ಟದ ಮೇಲಿಟ್ಟಿದ್ದ, ನಮಗೆ ಹೇಳೂ ಇಲ್ಲ. ಮೂರನೇ ದಿನ ರಾತ್ರಿ ಎರಡು ಗಂಟೆಗೆ ಢಮ್ ಅಂತು. ಯಾರೋ ತೋಟದಲ್ಲಿ ಹಂದಿಗೆ ಈಡು ಹೊಡೆದ್ರು ಅಂದ್ಕೊಂಡು ನಾನು ಟಾರ್ಚ್ ಹಿಡ್ಕೊಂಡು ಹೊರಗೆ ಹೋದೆ, ನಾಯಿ ನನ್ ಹಿಂದೆ. ಹೊರಗೆ ಏನೂ ಇಲ್ಲ. ಅಷ್ಟೊತ್ತಿಗೆ ಒಳಗಿಂದ ಎರಡನೇ ಢಮ್. ಅಟ್ಟದ ಹಲಗೆ ಸಂದೀಲಿ ಕೆಂಪು ಕೆಂಪಾಗಿ ತೊಟ್ಟಿಕ್ತಿರೋದು ನೋಡಿ ನನ್ನ ತಾಯಿ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಎದ್ರು. ಗಾಜಿನ ಚೂರು ಅಡಿಕೆ ಮೂಟೆಗೆ ಚುಚ್ಕೊಂಡಿತ್ತು. ಹಗಲು ಹೊತ್ತು ಯಾರಾದ್ರೂ ಅಲ್ಲಿದ್ದಿದ್ರೆ ಏನು ಗತಿ ಹೇಳಿ.

ಪಿಯು ಮೇಷ್ಟ್ರು

ಇದು ನಗೋ ವಿಷಯ ಅಲ್ಲ, ದಯವಿಟ್ಟು ಎಲ್ಲರೂ ಓದಿ. ಹುದುಗು ಬರೋವಾಗ 1 ಲೀಟರಲ್ಲಿ ಸುಮಾರು 4 ಗ್ರಾಂ ಸಕ್ಕರೆ ಕರಗಿಹೋದ್ರೆ ಸಾಕು, 1 ಲೀಟರ್ ಗ್ಯಾಸ್ ಹುಟ್ಟುತ್ತೆ. ಅಂಗಡಿ ಸೋಡಾದಲ್ಲಿರೋದು ಮೂರು ನಾಲ್ಕು ಲೀಟರ್ ಲೆಕ್ಕ. ಅಂದ್ರೆ 12ರಿಂದ 16 ಗ್ರಾಂ ಸಕ್ಕರೆ. ಸಿರಪ್ ಹಾಕಿದ ಬಾಟ್ಲೀಲಿ ಅದರ ಐದಾರು ಪಟ್ಟು ಇರುತ್ತೆ, ಈಸ್ಟಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿಲ್ಲ. ಮಾಡ್ಲೇಬೇಕು ಅನ್ನೋರು ಸೋಡಾ ಬಂದಿದ್ದ ಪ್ಲಾಸ್ಟಿಕ್ ಬಾಟ್ಲೀಲೇ ಮಾಡಿ, ಮೇಲೆ ಸ್ವಲ್ಪ ಜಾಗ ಬಿಡಿ, ದಿನಾ ಒತ್ತಿ ನೋಡಿ. ಅಮುಕೋಕೆ ಆಗ್ದೇ ಗಟ್ಟಿ ಆಯ್ತು ಅಂದ ತಕ್ಷಣ ಫ್ರಿಜ್ಜಿಗೆ. ಗಾಜಿನ ಬಾಟ್ಲಿ ಸಹವಾಸ ಬೇಡ. ಮತ್ತೆ ಸ್ವಲ್ಪ ಆಲ್ಕೋಹಾಲೂ ಬಂದಿರುತ್ತೆ, ಮಕ್ಕಳಿಗೆ ಕೊಡೋ ಮುಂಚೆ ಯೋಚ್ನೆ ಮಾಡಿ.

ಕೊಪ್ಪದ ಸುಬ್ರಾಯ

ಈಗ ಅಟ್ಟಕ್ಕೆ ಬೀಗ ಹಾಕಿದೆ ಮಾರಾಯ್ರೆ. ಕೌಳಿ ಹಣ್ಣಿನ ಸಿರಪ್ ಮಾತ್ರ ಬಿಡ್ಬೇಡಿ, ಹುಳಿ ಹಣ್ಣು, ನಿಂಬೆ ಬೇಡವೇ ಬೇಡ, ಬಣ್ಣ ರಕ್ತಗೆಂಪು. ಕಾಯಿ ಇದ್ರೆ ಹಾಲು ಅಂಟು ಬರುತ್ತೆ, ಪೂರ್ತಿ ಕಪ್ಪಾದ ಹಣ್ಣೇ ಆರಿಸ್ಕೊಳಿ.

ಕಾಫಿ ಕಣಿವೆ

ಮನೇಲಿ ಸೋಡಾ ಮಾಡೋ ಮಿಷನ್ ಯಾರಾದ್ರೂ ತಗೊಂಡಿದೀರಾ? ಚಿಕ್ಕಮಗಳೂರಲ್ಲಿ ಸಿಲಿಂಡರ್ ಸಿಗುತ್ತಾ? ಪ್ರತಿ ಸಲ ಬಾಟ್ಲಿ ಸೋಡಾ ತಂದು ತಂದು ಪ್ಲಾಸ್ಟಿಕ್ ರಾಶಿ ಬಿದ್ದಿದೆ.

ಕಳಸದ ಕುಸುಮ

ನಾನು ತಗೊಂಡೆ. ಮಿಷನ್ ಚೆನ್ನಾಗಿದೆ, ಸಿಲಿಂಡರ್ ಮುಗಿದಾಗ ಅಳು ಬರುತ್ತೆ. ನನಗೆ ಹತ್ರದಲ್ಲಿ ಎಲ್ಲೂ ಸಿಗ್ಲಿಲ್ಲ, ಬೆಂಗಳೂರಿಂದ ತರ್ಸಿದೆ, ಆನ್‌ಲೈನಲ್ಲಿ ಬುಕ್ ಮಾಡಿದ್ರೆ ನಮ್ಮ ಪಿನ್‌ಕೋಡಿಗೆ ಬರಲ್ಲ ಅಂತು. ಈಗ ಎರಡು ಸಿಲಿಂಡರ್ ಇಟ್ಕೊಂಡು ಯಾರಾದ್ರೂ ಬೆಂಗಳೂರಿಗೆ ಹೋಗೋವಾಗ ಖಾಲಿದು ಕೊಟ್ಟು ಕಳಿಸ್ತೀನಿ.

ಮುಖ್ಯ ವಿಷಯ, ಮಿಷನ್ನಿಗೆ ಬರೀ ತಣ್ಣನೆ ನೀರು ಮಾತ್ರ. ನಮ್ಮಲ್ಲಿ ಬಂದಿದ್ದ ಒಬ್ಬ ಗೆಸ್ಟ್ ನಾನಿಲ್ದಾಗ ಸಿರಪ್ ಕಲ್ಸಿದ ನೀರಿಗೇ ಗ್ಯಾಸ್ ಬಿಟ್ಟು ಅಡುಗೆಮನೆ ಸೂರಿಗೆ ಬಣ್ಣ ಹೊಡೆದು ಹೋಗಿದಾರೆ. ನಳಿಗೆ ಒಳಗೆಲ್ಲ ಅಂಟು, ಬಿಸಿನೀರಲ್ಲಿ ತೊಳೆದು ತೊಳೆದು ಸಾಕಾಯ್ತು.

ಸೋಡಾ ಅಂಗಡಿ ಮಗ

ಸಿಲಿಂಡರ್ ವಿಷಯದಲ್ಲಿ ಒಂದು ಮಾತು. ವೆಲ್ಡಿಂಗಿಗೆ ಬಳಸೋ ಗ್ಯಾಸ್ ಕಮ್ಮಿ ರೇಟಿಗೆ ತುಂಬ್ಸಿ ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಹತ್ರ ಹೋಗ್ಬೇಡಿ. ಹೆಸರು ಒಂದೇ ಆದ್ರೂ ಕುಡಿಯೋದಕ್ಕೆ ಅಂತ ಶುದ್ಧ ಮಾಡಿರೋದೇ ಬೇಕು. ಅಪ್ಪ ಈ ವಿಷಯದಲ್ಲಿ ಯಾವತ್ತೂ ಚೌಕಾಸಿ ಮಾಡ್ತಿರ್ಲಿಲ್ಲ.

ಮೂಡಿಗೆರೆ ಮಳೆ

ಬೆರಿ ಅಂದ್ರೆ ಕಾಫಿ ಅಂದಿದ್ನಲ್ಲ, ಈ ಚರ್ಚೆ ಓದಿ ತಲೆಗೆ ಹುಳ ಬಿಟ್ಕೊಂಡಂಗಾಯ್ತು. ಪಲ್ಪರ್ ಮಿಷನ್ನಲ್ಲಿ ಬೀಜ ಬಿಡ್ಸಿದ್ಮೇಲೆ ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ರಾಶಿ ರಾಶಿ ಗೊಬ್ಬರದ ಗುಂಡಿಗೆ ಹಾಕ್ತೀವಲ್ಲ, ಅದನ್ನ ಒಣಗ್ಸಿ ಕಷಾಯ ಮಾಡ್ತಾರಂತೆ ಬೇರೆ ದೇಶದಲ್ಲಿ, ಕ್ಯಾಸ್ಕರ ಅಂತ. ಕಳೆದ ಕೊಯ್ಲಲ್ಲಿ ಮನೆ ಪಕ್ಕದ ಹತ್ತು ಗಿಡದ್ದು ಒಂದು ಮೊರದಷ್ಟು ಸಿಪ್ಪೆ ತೊಳೆದು ಒಣಗ್ಸಿಟ್ಟಿದ್ದೆ. ಬಿಸಿನೀರಲ್ಲಿ ನೆನೆಹಾಕಿ ಸೋಸಿ ಸಕ್ಕರೆ ಹಾಕಿ ಸಿರಪ್ ಮಾಡಿ ಇವತ್ತು ಸೋಡಾ ಇಳ್ಸಿದೆ. ಕಾಫಿ ವಾಸ್ನೆ ಸ್ವಲ್ಪನೂ ಇಲ್ಲ! ಒಣದ್ರಾಕ್ಷಿ, ಸ್ವಲ್ಪ ಹುಣಸೆ ಹಣ್ಣು ಸೇರ್ಸಿದಂಗಿದೆ. ತೋಟದಲ್ಲಿ ಬೋರ್ಡೋ ಹೊಡೆದಿರೋ ಗಿಡದ್ದು ಮಾತ್ರ ತಗೋಬೇಡಿ, ಅದರಲ್ಲಿ ಮೈಲುತುತ್ತ ಇರುತ್ತೆ, ನಾನು ಔಷಧಿ ಹೊಡೀದೆ ಬಿಟ್ಟಿದ್ ಗಿಡದ್ದೇ ಆರ್ಸಿದ್ದು.

ಆಲೂರಿನ ಸೊಸೆಯವ್ರೆ, ನಿಮ್ ಹಣ್ಣಿಗೂ ಇದೇ ಮಾತು. ಹುಳಕ್ಕೆ ಸೊಪ್ಪು ಹಾಕೋ ತೋಟ ಆದ್ರಿಂದ ಔಷಧಿ ಕಮ್ಮಿ ಇರುತ್ತೆ, ಆದ್ರೂ ಯಾವಾಗ ಹೊಡೆದಿದ್ರು ಅಂತ ಅಮ್ಮನ್ನ ಒಂದು ಮಾತು ಕೇಳ್ಕೊಳಿ.

ಆಲೂರಿನ ಸೊಸೆ

ಕೇಳ್ದೆ ಅಣ್ಣ. ಈ ನಾಲ್ಕು ಮರಕ್ಕೆ ಯಾವತ್ತೂ ಹೊಡೆದಿಲ್ವಂತೆ, ಹುಳಕ್ಕೂ ಈ ಸೊಪ್ಪು ಹಾಕಲ್ವಂತೆ, ಅದು ಬರೀ ಮಕ್ಕಳಿಗೂ ಗಿಳಿಗೂ ಅಂತ ಅಮ್ಮ ಅಂದ್ರು.

ಕಾಫಿ ಕಣಿವೆ

ನಮ್ಮಪ್ಪನಿಗೆ ಶುಗರ್ ಇದೆ, ಒಂದು ಗ್ಲಾಸಲ್ಲಿ ಎಷ್ಟು ಸಕ್ಕರೆ ಬೀಳುತ್ತೆ?

ಪಿಯು ಮೇಷ್ಟ್ರು

30 ಎಂಎಲ್ ಸಿರಪ್ಪಲ್ಲಿ ಸುಮಾರು 18 ಗ್ರಾಂ, ಟೀ ಚಮಚದಲ್ಲಿ ನಾಲ್ಕರ ಮೇಲೆ. ಶುಗರ್ ಇರೋರಿಗೆ ಜಾಸ್ತಿನೇ. ಅವ್ರಿಗೆ ನಾಲ್ಕೈದು ಹಣ್ಣು ಕಿವುಚಿ ಸೋಸಿ, ನಿಂಬೆ, ಚಿಟಿಕೆ ಉಪ್ಪು ಸೇರ್ಸಿ ಸೋಡಾ ಹಾಕಿ ಕೊಡಿ. ಸಿಹಿ ಇಲ್ಲ ಅಂತ ಬೈತಾರೆ, ಬೈಸ್ಕೊಳಿ.

ದೊಡ್ಡಮನೆ ಯಜಮಾನ

ಸೋಡಾ ಪಾನಕ ಮಾಡ್ಸಿ ಕುಡಿದೆ. ಪರವಾಗಿಲ್ಲ. ಮೊಮ್ಮಗ ಎರಡನೇ ಗ್ಲಾಸ್ ಕೇಳ್ದ, ನಾನೂ ಕೇಳ್ದೆ.

ಆಲೂರಿನ ಸೊಸೆ

ಐದು ದಿನ ಆದ್ಮೇಲೆ ರಿಪೋರ್ಟ್ ಕೊಡ್ತಿದೀನಿ, ಲೇಟಾಯ್ತು ಕ್ಷಮಿಸಿ.

ಒಂದೂವರೆ ಕೆಜಿ ಹಣ್ಣಿಗೆ 900 ಗ್ರಾಂ ಸಕ್ಕರೆ, ಮೂರು ನಿಂಬೆಹಣ್ಣು. ಕುಸುಮಕ್ಕ ಹೇಳಿದಂಗೇ ಐಸ್ ಹಣ್ಣಿನ ಮೇಲೆ ಸಕ್ಕರೆ ಸುರ್ದು ರಾತ್ರಿ ಬಿಟ್ಟೆ. ಬೆಳಗ್ಗೆ ಎದ್ದು ಮುಚ್ಚಳ ತೆಗೆದ್ರೆ ಹಣ್ಣು ಮುಳುಗೋ ಅಷ್ಟು ರಸ, ನಾನು ಯಾರಾದ್ರೂ ನೀರು ಸುರಿದ್ರಾ ಅಂತ ಅತ್ತೇನ ಕೇಳ್ದೆ. 10 ನಿಮಿಷ ಬಿಸಿ ಮಾಡೋವಾಗ ಅತ್ತೆ ಪಕ್ಕದಲ್ಲೇ ನಿಂತು ಇನ್ನೂ ಎಳೆ ಪಾಕ ಬಂದಿಲ್ಲ ಕಣೇ ಅಂತ ಮೂರು ಸಲ ಅಂದ್ರು, ಕೇಳ್ಲಿಲ್ಲ. ನಿಂಬೆರಸ ಬಿದ್ದ ತಕ್ಷಣ ಬಣ್ಣ ತಿರುಗಿದ್ದು ನೋಡ್ಬೇಕಿತ್ತು, ನೇರಳೆ ಇದ್ದಿದ್ದು ದಾಸವಾಳದ ಕೆಂಪಾಯ್ತು, ಅತ್ತೆನೂ ಸುಮ್ನಾದ್ರು.

ಸೋಡಾ ಬಾಟ್ಲಿ ಹಿಂದಿನ ದಿನಾನೇ ಫ್ರಿಜ್ಜಿಗೆ. ಗ್ಲಾಸ್ ಓರೆ ಮಾಡಿ ಇಳ್ಸಿದೆ, ಚಮಚ ಡ್ರಾಯರಲ್ಲೇ ಬಿಟ್ಟೆ. ಒಂದು ಬೆರಳು ನೊರೆ ಬಂದು ಅಲ್ಲೇ ಕೂತ್ಕೊಂತು. ಕೊನೇ ಗುಟುಕಿನ ತನಕ ಮೂಗಿಗೆ ಹತ್ತುತ್ತೆ! ಮಗ ತೇಗಿದ್ದು ಬೀದಿಗೆಲ್ಲ ಕೇಳ್ಸಿರುತ್ತೆ. ಮೊದಲನೇ ಗ್ಲಾಸ್ ಸ್ವಲ್ಪ ಸಪ್ಪೆ ಅನ್ನಿಸ್ತು, 40 ಎಂಎಲ್ ಹಾಕಿದ್ಮೇಲೆ ನಮ್ಮನೆಯವ್ರಿಗೆ ಸರಿಹೋಯ್ತು, ನಂಗೆ 30 ಸಾಕು.

ಸೋಡಾ ಅಂಗಡಿ ಅಣ್ಣ, ಅರ್ಧ ಉಳಿದ ಬಾಟ್ಲಿ ಮಾರನೇ ದಿನಕ್ಕೆ ಸಪ್ಪೆ ಆಗುತ್ತಲ್ಲ, ಏನ್ ಮಾಡೋದು?

ಸೋಡಾ ಅಂಗಡಿ ಮಗ

ದೊಡ್ಡ ಬಾಟ್ಲಿ ತರ್ಬೇಡಿ ಅಕ್ಕ. ಸಣ್ಣದೇ ನಾಲ್ಕು ತನ್ನಿ, ತೆಗೆದಿದ್ದನ್ನ ಅವತ್ತೇ ಮುಗ್ಸಿ. ಬಾಟ್ಲೀಲಿ ಖಾಲಿ ಜಾಗ ಜಾಸ್ತಿ ಆದಷ್ಟೂ ಗ್ಯಾಸ್ ಅಲ್ಲಿಗೆ ಹೋಗುತ್ತೆ. ಉಳಿದ್ರೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಲ್ಲಿಡಿ, ಸಂಜೆ ತನಕ ಓಡುತ್ತೆ.

ಹಾಸನ್ ಹುಡ್ಗ

ಎಲ್ಲಾ ಸರಿ ಅಕ್ಕ, ನಾನು ಮೊದಲನೇ ದಿನಾನೇ ಕೇಳಿದ್ದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪಂಚೆ?

ಆಲೂರಿನ ಸೊಸೆ

ಅಯ್ಯೋ ಹೌದಲ್ವಾ. ನಿಂಬೆಹಣ್ಣು ಉಜ್ಜಿದೆ, ಬಿಸ್ಲಿಗೆ ಹಾಕ್ದೆ, ಹಿಪ್ಪುನೇರಳೆ ಕಾಯಿ ಉಜ್ಜಿದ್ರೆ ಕಲೆ ಹೋಗುತ್ತೆ ಅಂತ ಅಮ್ಮ ಹೇಳಿದ್ರು ಅದನ್ನೂ ಮಾಡ್ದೆ. ತಿಳಿಯಾಯ್ತು, ಹೋಗ್ಲಿಲ್ಲ. ಭಾವ ಇಲ್ಲೇ ಬಿಟ್ಟು ಹೋದ್ರು, ನಿಮಗೇ ಇರ್ಲಿ ಬಿಡಮ್ಮ ಅಂತ. ಕುಸುಮಕ್ಕ ಸೋಸೋಕೆ ಪಂಚೆ ಬಟ್ಟೆ ಅಂದ್ರಲ್ಲ, ಚೆನ್ನಾಗಿ ಕುದಿಯೋ ನೀರಲ್ಲಿ ಹಾಕಿ ತೆಗೆದು ನಾಲ್ಕು ತುಂಡು ಮಾಡ್ದೆ, ಸಿರಪ್ ಸೋಸಿದ್ದು ಅದರಲ್ಲೇ.

ಭಾವ ಮುಂದಿನ ಭಾನುವಾರ ಮತ್ತೆ ಬರ್ತಾರಂತೆ, ಸೋಡಾ ಚೆನ್ನಾಗಾಗಿದೆ ಅಂತ ಇವ್ರು ಫೋನಲ್ಲಿ ಹೇಳ್ಬಿಟ್ಟಿದಾರೆ. ಕರೀ ಪ್ಯಾಂಟ್ ಹಾಕ್ಕೊಂಡು ಬರ್ತೀನಿ ಅಂದ್ರು.